ಟೈರಿನ ಗಾಳಿ ನೋಡಬೇಕಾದ್ದು ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು

ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳುವ ಕಾರಿನ ಟೈರಿನಲ್ಲಿ ಏಳೆಂಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಕಡಿಮೆಯಿದ್ದರೂ ಓಡಿಸುವವರಿಗೆ ಗೊತ್ತಾಗುವುದು ಕಷ್ಟ. ಅದೇ ಕಾರು ಮೈಸೂರು ಹೆದ್ದಾರಿಯಲ್ಲಿ 100ರ ವೇಗ ಮುಟ್ಟಿದಾಗ ನಿಜವಾದ ಅಪಾಯ ಶುರು. ಆಗ ಸಣ್ಣ ಕಾರಿನ ಚಕ್ರ ನಿಮಿಷಕ್ಕೆ ಸುಮಾರು 850 ಸುತ್ತು ತಿರುಗುತ್ತದೆ. ಗಾಳಿ ಸಾಲದ ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ, ಪ್ರತಿ ಸುತ್ತಿನಲ್ಲೂ ಅತಿಯಾಗಿ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅದಕ್ಕೆ ವ್ಯಯವಾದ ಶಕ್ತಿಯ ಒಂದು ಪಾಲು ರಬ್ಬರಿನಲ್ಲೇ ಶಾಖವಾಗುತ್ತದೆ. ಶಾಖ ಏರುತ್ತಾ ಹೋದರೆ ಒಳಗಿನ ಎಳೆಗಳಿಂದ ರಬ್ಬರು ಬಿಟ್ಟುಕೊಂಡು ಟೈರು ಸಿಡಿಯುತ್ತದೆ.

ಹೀಗಿರುವಾಗ, ಬಿಸಿಲಲ್ಲಿ ಸಿಡಿದೀತೆಂದು ಹೊರಡುವ ಮುನ್ನ ಗಾಳಿ ಇಳಿಸುವವರನ್ನು ಕಂಡರೆ ದಿಗಿಲಾಗುತ್ತದೆ. ಓಡಿ ಬಿಸಿಯಾದ ಟೈರು ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಅದನ್ನು ಲೆಕ್ಕ ಹಾಕಿಯೇ ಕಂಪನಿ ಅಂಕಿ ಕೊಟ್ಟಿರುತ್ತದೆ. ಆ ಅಂಕಿ ಚಾಲಕನ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿದೆ; ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು. ಗಾಡಿ ಕನಿಷ್ಠ ಮೂರು ಗಂಟೆ ನಿಂತ ಮೇಲೆ ಅಳೆಯಿರಿ. ಬಂಕ್ ದೂರವಿದ್ದರೆ ಮನೆಯಲ್ಲೊಂದು ಗೇಜ್ ಇಟ್ಟುಕೊಳ್ಳುವುದು ಲೇಸು. ಹವೆ 10 ಡಿಗ್ರಿ ತಣ್ಣಗಾದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ, ಹಾಗಾಗಿ ಡಿಸೆಂಬರ್ ಚಳಿಯಲ್ಲಿ ಮತ್ತೊಮ್ಮೆ ನೋಡಬೇಕು. ನೈಟ್ರೋಜನ್ ತುಂಬಿಸಿದರೂ ಇದು ತಪ್ಪುವುದಿಲ್ಲ. ಮಾಮೂಲಿ ಗಾಳಿಯಲ್ಲೇ ಅದು 78% ಇದೆ.

ಬೆಂಗಳೂರಿನ ಮಳೆಗಾಲದ ಗುಂಡಿಗಳ ಕಾಟವೇ ಬೇರೆ. ನೀರು ತುಂಬಿದ ಗುಂಡಿಗೆ ಚಕ್ರ ಧಡಾರನೆ ಇಳಿದರೆ ಸೈಡ್‌ವಾಲ್ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಒಳಗಿನ ಎಳೆ ತುಂಡಾಗುತ್ತದೆ. ಕೆಲವು ದಿನಗಳಲ್ಲಿ ಅಲ್ಲಿ ನಿಂಬೆಹಣ್ಣಿನಂತೆ ಉಬ್ಬು ಏಳಬಹುದು. ಅದಕ್ಕೆ ಪ್ಯಾಚ್ ಇಲ್ಲ, ಟೈರು ಬದಲಿಸಲೇಬೇಕು. ಉಬ್ಬು ಒಳಬದಿಯಲ್ಲೂ ಏಳುವುದರಿಂದ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಮಾಡಿ, ಮುಂದಿನ ಟೈರುಗಳ ಒಳಮೈಗೆ ಅಂಗೈ ಸವರಿ ನೋಡಿ.

ಸವೆತವೂ ಸುಳಿವು ಕೊಡುತ್ತದೆ: ನಡುವೆ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಕಡಿಮೆ, ಒಂದೇ ಅಂಚಾದರೆ ಚಕ್ರಗಳ ಅಲೈನ್‌ಮೆಂಟ್ (ನೇರ ಜೋಡಣೆ) ತಪ್ಪಿದೆ. ಕಾನೂನು ಕೇಳುವ ಕನಿಷ್ಠ ಟ್ರೆಡ್ ಆಳ, ಅಂದರೆ ಟೈರಿನ ಮೇಲಿನ ತೋಡುಗಳ ಆಳ, 1.6 ಮಿ.ಮೀ. ಆದರೆ ತೋಡುಗಳು ಅಷ್ಟು ಸವೆದಿದ್ದರೆ ನೀರನ್ನು ಬೇಗ ಹೊರಹಾಕಲಾರವು; ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಟೈರು ರಸ್ತೆ ಬಿಟ್ಟು ತೇಲಿ ಬ್ರೇಕ್, ಸ್ಟೇರಿಂಗ್ ಎರಡೂ ಕೆಲಸಕ್ಕೆ ಬಾರವು. 3 ಮಿ.ಮೀ.ಗೇ ಬದಲಿಸುವುದು ಜಾಣತನ. ಕೊಳ್ಳುವಾಗ ಸೈಡ್‌ವಾಲಿನ ನಾಲ್ಕಂಕಿ ಓದಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು.

ಸ್ಟೆಪ್ನಿಯನ್ನು ಮರೆಯಬೇಡಿ. ಅದು ಉಳಿದ ಚಕ್ರಗಳಷ್ಟೇ ಅಳತೆಯದಾದರೆ ಸ್ಟಿಕ್ಕರಿನಲ್ಲಿ ಪೂರ್ತಿ ಲೋಡಿಗೆ ಹೇಳಿದಷ್ಟು ಗಾಳಿ ತುಂಬಿಸಿಡಿ. ದಾರಿಯಲ್ಲಿ ಇಳಿಸಿಕೊಳ್ಳಬಹುದು, ತುಂಬಿಸುವುದು ಕಷ್ಟ.