ಗ್ಯಾಸ್ ಕುಡಿದು ಉಬ್ಬುವ ಕಲ್ಲು

ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಲ್ಲಿ ಈಗ ಅಡುಗೆಮನೆಗೆ ಪೈಪಿನಲ್ಲೇ ಗ್ಯಾಸ್ ಬರುತ್ತದೆ. ನಮ್ಮ ಜಿಲ್ಲೆಯನ್ನು ಹಾದು ಬೆಂಗಳೂರಿಗೆ ಹೋಗುವ ದೊಡ್ಡ ಗ್ಯಾಸ್ ಪೈಪ್‌ಲೈನ್ ಶುರುವಾಗುವುದು ಮಹಾರಾಷ್ಟ್ರದ ದಾಭೋಲ್‌ನಲ್ಲಿ. ಅಲ್ಲಿಗೆ 2018ರ ಮಾರ್ಚ್‌ನಲ್ಲಿ ಅಮೆರಿಕದ ದ್ರವೀಕೃತ ಗ್ಯಾಸ್ ಹೊತ್ತ ಹಡಗು ಬಂದಿತ್ತು. ಗ್ಯಾಸ್ ಕೊಳ್ಳುತ್ತಿದ್ದ ಅಮೆರಿಕ ಮಾರುವಂತಾಗಿದ್ದು ಶೇಲ್ ಎಂಬ, ಪದರು ಪದರಾಗಿ ಏಳುವ ಜೇಡಿಕಲ್ಲಿನಿಂದ.

"ಹಂಗಾರ ನಮ್ಮ ಗುಡ್ಡದಾಗೂ ಗ್ಯಾಸ್ ಐತೇನ್ರಿ?" ಅಂತ ಕೇಳುವವರಿದ್ದಾರೆ. ಇಲ್ಲ. ಧಾರವಾಡ-ಗದಗ ಭಾಗದ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ನೆಲದೊಳಗಿನ ಕಾವಿಗೆ, ಒತ್ತಡಕ್ಕೆ ಸಿಕ್ಕು ಅದರ ಗುಣವೇ ಬದಲಾಗಿದೆ. ಗದಗದ ಕಡೆ ಚಿನ್ನ ಸಿಕ್ಕಿದ್ದುಂಟು, ಗ್ಯಾಸಿನ ಆಸೆ ಬೇಡ.

ಶೇಲ್‌ನಲ್ಲಿ ಗ್ಯಾಸ್ ಇರುವುದು ಹೊಸ ಸಂಗತಿಯಲ್ಲ. ನ್ಯೂಯಾರ್ಕ್ ರಾಜ್ಯದ ಫ್ರೆಡೋನಿಯಾದಲ್ಲಿ 1821ರಲ್ಲೇ ಬಾವಿ ತೋಡಿ ಅದರಿಂದ ದೀಪ ಉರಿಸಿದ್ದರು. ತೊಡಕೆಲ್ಲ ಹರಿವಿನದು. ಮರಳಿನೊಳಗೆ ನೀರು ಇಳಿಯುವ ಲೆಕ್ಕವನ್ನು 1856ರಲ್ಲಿ ಕೊಟ್ಟವನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ. ಕಲ್ಲು ಎಷ್ಟು ಸಲೀಸಾಗಿ ದಾರಿ ಬಿಡುತ್ತದೆ ಎಂದು ಇವತ್ತಿಗೂ ಅವನ ಹೆಸರಿನಲ್ಲೇ ಅಳೆಯುತ್ತಾರೆ. ಒಳ್ಳೆಯ ಮರಳುಗಲ್ಲಿಗೆ ನೂರಾರು ಮಿಲಿಡಾರ್ಸಿ. ಶೇಲ್‌ಗೆ ನ್ಯಾನೋಡಾರ್ಸಿ, ಅಂದರೆ ಮಿಲಿಡಾರ್ಸಿಯ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕ.

1941ರಲ್ಲಿ ಕ್ಲಿಂಕೆನ್‌ಬರ್ಗ್ ಎಂಬ ಸಂಶೋಧಕ ಒಂದೇ ಕಲ್ಲಿನ ತುಂಡಿನಲ್ಲಿ ಹೈಡ್ರೋಜನ್, ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ಹಾಯಿಸಿ ನೋಡಿದ. ಒಂದೊಂದಕ್ಕೆ ಒಂದೊಂದು ಅಳತೆ ಬಂತು. ಒತ್ತಡ ಕಡಿಮೆಯಾದಾಗ ಗ್ಯಾಸಿನ ಅಣುಗಳು ರಂಧ್ರದ ಗೋಡೆಗುಂಟ ಜಾರುತ್ತವೆ, ಹಾಗಾಗಿ ಡಾರ್ಸಿ ಲೆಕ್ಕಕ್ಕಿಂತ ಜಾಸ್ತಿ ಹರಿಯುತ್ತವೆ. ಒತ್ತಡ ಏರಿಸುತ್ತ ಹೋದಂತೆ ನಕ್ಷೆಯಲ್ಲಿ ಮೂರೂ ಗ್ಯಾಸಿನ ಗೆರೆಗಳು ಒಂದೇ ಬಿಂದುವಿನತ್ತ ಸೇರುತ್ತಿದ್ದವು. ಅದೇ ಕಲ್ಲಿನ ನಿಜವಾದ ಅಳತೆ ಎಂದಾಯಿತು. ಯಾವ ಗ್ಯಾಸ್ ಹಾದರೂ ಕಲ್ಲು ಮಾತ್ರ ಇದ್ದಂತೆಯೇ ಇರುತ್ತದೆ ಎಂಬ ನಂಬಿಕೆ ಅದರ ಬೆನ್ನಿಗಿತ್ತು.

ಶೇಲ್ ವಿಷಯದಲ್ಲಿ ಈ ನಂಬಿಕೆ ನಡೆಯುವುದಿಲ್ಲ. ಅದರೊಳಗಿನ ಜೈವಿಕ ಪದಾರ್ಥಕ್ಕೆ ಮೀಥೇನ್, ಅಂದರೆ ಪೈಪ್ ಗ್ಯಾಸಿನ ಮುಖ್ಯ ಅಂಶ, ಅಂಟಿಕೊಂಡಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಅದಕ್ಕಿಂತ ಬಿಗಿಯಾಗಿ ಅಂಟುವುದರಿಂದ ಮೀಥೇನನ್ನು ಹೊರದಬ್ಬಿ ಆ ಜಾಗ ಹಿಡಿಯುತ್ತದೆ. ಹೊಗೆಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ನೆಲದೊಳಗೆ ಹೂತು ಗ್ಯಾಸ್ ತೆಗೆಯುವ ಎರಡು ಲಾಭದ ಯೋಜನೆಗೆ ಇದೇ ಬುನಾದಿ. ಆದರೆ ಅಂಟಿದ ಜಾಗ ಉಬ್ಬುತ್ತದೆ, ಧಾರವಾಡದ ಜಿಟಿಜಿಟಿ ಮಳೆಗೆ ಹಳೇ ಮನೆಯ ಕಟ್ಟಿಗೆ ಬಾಗಿಲು ಬಿಗಿಯುವ ಹಾಗೆ. ಮೊದಲೇ ಸಣ್ಣಗಿದ್ದ ಬಿರುಕು ಇನ್ನಷ್ಟು ಮುಚ್ಚುತ್ತದೆ.

ಲ್ಯಾಬಿನಲ್ಲಿ ಇದನ್ನು ಹಿಡಿಯುವ ಬಗೆ ಸರಳ. ಒಂದೂವರೆ ಇಂಚು ದಪ್ಪದ ಕಲ್ಲಿನ ಬಿಲ್ಲೆಯನ್ನು ರಬ್ಬರ್ ಕವಚದಲ್ಲಿ ಬಿಗಿದು, ಒಂದು ಬದಿಯ ಒತ್ತಡವನ್ನು ತುಸು ಏರಿಸುತ್ತಾರೆ. ಅದು ಆಚೆ ಬದಿಗೆ ದಾಟಲು ಹಿಡಿಯುವ ಹೊತ್ತನ್ನು ಅಳೆಯುತ್ತಾರೆ. ಮೊದಲು ಎಲ್ಲಿಯೂ ಅಂಟದ ಹೀಲಿಯಂ, ಆಮೇಲೆ ಕಾರ್ಬನ್ ಡೈಆಕ್ಸೈಡ್, ಮತ್ತೆ ಹೀಲಿಯಂ. ಎರಡನೇ ಸಲದ ಹೀಲಿಯಂ ಅನೇಕ ಸಲ ಮೊದಲಿಗಿಂತ ನಿಧಾನ. ಹಾಗಂತ ಯಾವಾಗಲೂ ಹೀಗೇ ಎನ್ನುವಂತಿಲ್ಲ. ತುಂಬಿಸುವ ಒತ್ತಡವೇ ಬಿರುಕನ್ನು ಅಗಲ ಮಾಡಬಹುದು. ಕಲ್ಲಿನಲ್ಲಿ ನೀರಿದ್ದರೆ ಕಾರ್ಬೋನಿಕ್ ಆಮ್ಲವಾಗಿ ಸುಣ್ಣದಂಶವನ್ನು ಕರಗಿಸಲೂಬಹುದು.

ಪಾಠ ಮೊದಲು ಕಲಿಸಿದ್ದು ಕಲ್ಲಿದ್ದಲು. ಅಮೆರಿಕದ ಸ್ಯಾನ್ ವಾನ್ ಕಣಿವೆಯಲ್ಲಿ 1995ರಿಂದ ಕಲ್ಲಿದ್ದಲ ಪದರಕ್ಕೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿದರು. ಕಲ್ಲಿದ್ದಲು ಉಬ್ಬಿತು, ಗ್ಯಾಸ್ ಒಳಹೋಗುವುದೇ ಕಷ್ಟವಾಯಿತು. ಶೇಲ್‌ನ ಸರದಿ ಬಂದಿದ್ದು 2014ರಲ್ಲಿ: ಟೆನ್ನೆಸ್ಸಿಯ ಒಂದು ಬಾವಿಗೆ ಸುಮಾರು 500 ಟನ್ ತುಂಬಿಸಿ, ಕೆಲ ತಿಂಗಳು ಮುಚ್ಚಿಟ್ಟು ತೆರೆದಾಗ ಇಳುವರಿ ಏರಿತು. ಉತ್ಸಾಹಕ್ಕೆ ಇದು ಸಾಕು, ಒಂದೇ ಬಾವಿ ನಂಬಿ ದೇಶದ ಲೆಕ್ಕ ಹಾಕಲು ಸಾಲದು.

ನಾರ್ವೆಯವರು ಶೇಲ್‌ನ ಇದೇ ಮೊಂಡುತನವನ್ನು ಬೇರೆ ರೀತಿ ಬಳಸಿಕೊಂಡರು. ಉತ್ತರ ಸಮುದ್ರದ ಸ್ಲೈಪ್ನರ್ ಗ್ಯಾಸ್ ಕ್ಷೇತ್ರದಲ್ಲಿ 1996ರಿಂದ, ಮೊದಮೊದಲು ವರ್ಷಕ್ಕೆ ಹೆಚ್ಚುಕಡಿಮೆ 10 ಲಕ್ಷ ಟನ್‌ನಂತೆ, ಕಾರ್ಬನ್ ಡೈಆಕ್ಸೈಡನ್ನು ಸಮುದ್ರತಳದ ಮರಳುಗಲ್ಲಿಗೆ ಇಳಿಸುತ್ತ ಬಂದರು. ಅದು ಮೇಲೇಳದಂತೆ ತಡೆಹಿಡಿದಿರುವುದು ಮೇಲಿನ ಶೇಲ್ ಪದರ. ಅಲ್ಲಿ ಯಾರಿಗೂ ಶೇಲ್‌ನಲ್ಲಿ ಗ್ಯಾಸ್ ಹರಿಯುವುದು ಬೇಕಿಲ್ಲ.