ಕಾಮ್ಟ್‌ನಿಂದ ವಿ.ಸಿ. ನಾಲೆಯವರೆಗೆ: ಸಮಾಜಶಾಸ್ತ್ರದ ಪಾಠ ನಡೆದು ಬಂದ ದಾರಿ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಬಿಎ ಸಮಾಜಶಾಸ್ತ್ರ ಓದುವವರಿಗೆ ಈಚೆಗೆ ಗೊಂದಲವೇ ಜಾಸ್ತಿ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಪಠ್ಯ ಬದಲಾದಾಗಲೆಲ್ಲ ಹಳೇ ಪ್ರಶ್ನೆ ಏಳುತ್ತದೆ: ಯುರೋಪಿನ ಚಿಂತಕರನ್ನು ಎಷ್ಟು ಓದಬೇಕು, ನಮ್ಮೂರನ್ನು ಎಷ್ಟು?

ಈ ಶಾಸ್ತ್ರಕ್ಕೆ ಹೆಸರಿಟ್ಟವನು ಫ್ರಾನ್ಸಿನ ಆಗಸ್ಟ್ ಕಾಮ್ಟ್. ಆಮೇಲೆ ಬಂದ ಮಾರ್ಕ್ಸ್ ಆಸ್ತಿ ಮತ್ತು ದುಡಿಮೆಯ ಸಂಬಂಧವನ್ನು ಹಿಡಿದ. ಡರ್ಖೀಮ್ ಸಮಾಜವನ್ನು ಒಟ್ಟಾಗಿ ಕಟ್ಟುವುದು ಯಾವುದು ಎಂದು ಹುಡುಕಿದ. ವೇಬರ್ ನಂಬಿಕೆಗೂ ವ್ಯವಹಾರಕ್ಕೂ ಇರುವ ನಂಟನ್ನು ತೋರಿಸಿದ. ರೈಲು ಬಂದರೆ ಭಾರತದಲ್ಲಿ ಜಾತಿಯ ಕಸುಬುಗಳು ಕರಗುತ್ತವೆ ಎಂದು ಮಾರ್ಕ್ಸ್ 1853ರಲ್ಲೇ ಬರೆದ. ವೇಬರ್ ಹಿಂದೂ ಧರ್ಮದ ಮೇಲೆ ಪುಸ್ತಕವನ್ನೇ ಬರೆದ. ಇಬ್ಬರೂ ಇಲ್ಲಿಗೆ ಬಂದವರಲ್ಲ.

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಇಲ್ಲಿ ಸಮಾಜಶಾಸ್ತ್ರ ಮೊದಲು ತತ್ವಶಾಸ್ತ್ರದ ನೆರಳಲ್ಲೇ ಬೆಳೆಯಿತು. ಮಹಾರಾಜ ಕಾಲೇಜಿನಲ್ಲಿ ಹಾಗೆ ಓದಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮುಂಬೈ, ಆಕ್ಸ್‌ಫರ್ಡ್ ಸುತ್ತಿ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಬಂದು ಉಳಿದರು. ಬರಹದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಜಮೀನು ಯಾರದ್ದು, ಪಂಚಾಯ್ತಿ ಕಟ್ಟೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೂತು ನೋಡಿದರು. ಊರನ್ನು ನಡೆಸುತ್ತಿದ್ದದ್ದು ಶಾಸ್ತ್ರದಲ್ಲಿ ಮೇಲೆಂದು ಬರೆದ ಜಾತಿಯಲ್ಲ, ಭೂಮಿಯೂ ಜನಬಲವೂ ಇದ್ದ ಒಕ್ಕಲಿಗರು. ಪಠ್ಯದಲ್ಲಿರುವ ‘ಪ್ರಬಲ ಜಾತಿ’ಯ ವಿಚಾರ ಬೆಳೆದದ್ದು ಈ ನೋಟದಿಂದಲೇ.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪಾಠ ಮಂಡ್ಯದ್ದು. ಕನ್ನಂಬಾಡಿ ಕಟ್ಟೆಯ ನೀರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಹರಿಯಿತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ವಿಯೆನ್ನಾದಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಇಲ್ಲಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಒಂದಕ್ಕೆ ನೀರು ಸಿಕ್ಕಿತ್ತು. ಕಬ್ಬು ಬಂತು, ಕೈಯಲ್ಲಿ ಕಾಸಾಡಿತು. ಆದರೆ ಒಕ್ಕಲು ಮನೆಗೂ ದಲಿತ ಆಳಿಗೂ ಇದ್ದ ತಲೆಮಾರಿನ ಕಟ್ಟು ಹಾಗೇ ಉಳಿಯಿತು. ಇನ್ನೊಂದು ಊರು ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಅಲ್ಲಿನವರು ಅಕ್ಕಪಕ್ಕದ ಊರಲ್ಲಿ ಗದ್ದೆ ಕೊಂಡರು, ಮಂಡ್ಯಕ್ಕೆ ಕೆಲಸಕ್ಕೆ ಹೋದರು, ವ್ಯಾಪಾರಕ್ಕೆ ಇಳಿದರು. ಹಳೇ ಕಟ್ಟು ಸಡಿಲವಾದದ್ದು ಈ ಒಣ ಊರಿನಲ್ಲಿ! ದುಡ್ಡು ಬಂದರೆ ಸಾಲದು, ಅದು ಯಾವ ದಾರಿಯಲ್ಲಿ ಬಂತು ಅನ್ನೋದು ಮುಖ್ಯ. ರೈಲು ಬಂದರೆ ಜಾತಿಯ ಕಸುಬು ಕರಗುತ್ತದೆ ಎಂಬ ಮಾರ್ಕ್ಸ್‌ನ ಮಾತನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಎಪ್‌ಸ್ಟೀನ್ 1970ರಲ್ಲಿ ಇದೇ ಊರುಗಳಿಗೆ ಮತ್ತೆ ಬಂದರು. ನಂತರದ ದಶಕಗಳಲ್ಲಿ ಭೂಸುಧಾರಣೆ, ಮೀಸಲಾತಿ, ಬೆಂಗಳೂರಿನ ಸೆಳೆತ ಎಲ್ಲವೂ ಸೇರಿಕೊಂಡವು. ಆದರೂ ತರಗತಿಯಲ್ಲಿ ಮನುಷ್ಯನ ಚಿಂತನೆ ದೈವಿಕ, ತಾತ್ವಿಕ, ವೈಜ್ಞಾನಿಕ ಎಂದು ಬೆಳೆಯುತ್ತದೆ ಎನ್ನುವ ಕಾಮ್ಟ್‌ನ ಮೂರು ಹಂತಗಳನ್ನು ಬಾಯಿಪಾಠ ಮಾಡಿಸುವಷ್ಟು ಹೊತ್ತು ನಾಲೆ ಬಯಲಿನ ಊರುಗಳಿಗೆ ಸಿಗುವುದಿಲ್ಲ. ಕಾಮ್ಟ್‌ನನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಈ ಎರಡು ಹಳ್ಳಿಗಳ ಕಥೆ ಹೇಳಿ, ಮಕ್ಕಳನ್ನು ಬಸ್ಸು ಹತ್ತಿಸಿ ಒಂದು ನೀರಾವರಿ ಊರಿಗೂ ಒಂದು ಒಣ ಊರಿಗೂ ಕಳಿಸಬಹುದು, ಅಲ್ವಾ? ಯಾರ ಗದ್ದೆಯಲ್ಲಿ ಯಾರು ದುಡಿಯುತ್ತಿದ್ದಾರೆ, ಕೂಲಿ ಎಷ್ಟು, ಹುಡುಗರು ಎಲ್ಲಿಗೆ ಹೋದರು ಎಂದು ಅವರೇ ಕೇಳಿಕೊಂಡು ಬರಲಿ.