ಏಡಿಯ ಬಣ್ಣದ ಗುಟ್ಟು ಕಣ್ಣಿನ ತೊಟ್ಟಿನಲ್ಲಿ

ಕಕ್ಕಡದ ಮಳೆಯಲ್ಲಿ ಗದ್ದೆ ಬದುವಿನಿಂದ ಹಿಡಿದು ತಂದ ಏಡಿ, ನಮ್ಮ ಕೊಡವರ ಬಾಯಲ್ಲಿ ಞಂಡ್, ಬೇಯಿಸಿದರೆ ಕೆಂಪಾಗುತ್ತದೆ ಅಲ್ವಾ? ಅದು ಬೇರೆ ವಿಷಯ. ಬಿಸಿಗೆ ಪ್ರೋಟೀನಿನ ಹಿಡಿತ ಸಡಿಲಗೊಂಡು, ಚಿಪ್ಪಿನಲ್ಲಿ ಮೊದಲೇ ಇದ್ದ ಕೆಂಪು ಹೊರಬೀಳುತ್ತದೆ. ಜೀವಂತವಾಗಿರುವಾಗಲೇ ಬಣ್ಣ ಬದಲಿಸುವ ಸಿಗಡಿ, ಏಡಿಗಳಿವೆ. ಅವುಗಳ ಕಥೆ ತುಂಬಾ ದೊಡ್ಡದು.

ಕಣದಲ್ಲಿ ಕಾಫಿ ಹಣ್ಣು ಹರಡಿದರೆ ಕಣವೆಲ್ಲ ಕೆಂಪು. ಅದನ್ನೇ ಎಳೆದು ಮಧ್ಯಕ್ಕೆ ಗುಡ್ಡೆ ಹಾಕಿದರೆ ನೆಲ ಕಾಣುತ್ತದೆ. ಹಣ್ಣು ಅಷ್ಟೇ ಇದೆ, ಕೆಂಪು ಮಾತ್ರ ಕಡಿಮೆ. ಸಿಗಡಿಯ ಬಣ್ಣದ ಕೋಶದೊಳಗಿನ ಪುಟ್ಟ ಬಣ್ಣದ ಕಣಗಳಿಗೂ ಇದೇ ಆಗುತ್ತದೆ. ಹಾಗಾದರೆ ಹರಡು, ಗುಡ್ಡೆ ಹಾಕು ಅಂತ ಹೇಳುವವರು ಯಾರು?

1870ರ ದಶಕದಲ್ಲಿ ಫ್ರಾನ್ಸಿನ ಜಾರ್ಜ್ ಪೂಶೆ, ಸಿಗಡಿಯ ಕಣ್ಣು ತೆಗೆದರೆ ನೆಲಕ್ಕೆ ತಕ್ಕಂತೆ ಬಣ್ಣ ಬದಲಿಸುವುದು ನಿಲ್ಲುತ್ತದೆ ಎಂದು ಕಂಡರು. ಹಾಗಾದರೆ ಇದು ನರದ ಕೆಲಸವೇ ಇರಬೇಕು ಅನ್ನಿಸುವುದು ಸಹಜ. ಆದರೆ 1920ರ ದಶಕದಲ್ಲಿ ಕೋಲರ್ ಎಂಬುವರು ಕಪ್ಪಾದ ಸಿಗಡಿಯ ರಕ್ತವನ್ನು ಬಿಳಿಚಿದ ಸಿಗಡಿಗೆ ಚುಚ್ಚಿದರು, ಅದೂ ಕಪ್ಪಾಯಿತು! 1928ರಲ್ಲಿ ಪರ್ಕಿನ್ಸ್ ಇನ್ನೂ ಮುಂದೆ ಹೋದರು. ನರ ಕತ್ತರಿಸಿದರೂ ಬಣ್ಣ ಬದಲಾಗುತ್ತಿತ್ತು, ರಕ್ತನಾಳ ಕತ್ತರಿಸಿದರೆ ನಿಲ್ಲುತ್ತಿತ್ತು. ಕಣ್ಣನ್ನು ಹೊತ್ತ ತೊಟ್ಟನ್ನು ಅರೆದು ರಸ ಚುಚ್ಚಿದಾಗ ಕೆಂಪು ಗುಡ್ಡೆಯಾಯಿತು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಪ್ರಯೋಗ ಇದೇ. ನೋಡುವ ಅಂಗದ ಬುಡದಲ್ಲೇ ಹಾರ್ಮೋನು ಬಿಡುವ ಜಾಗವೂ ಇತ್ತು.

ಆಮೇಲೆ ಗೊಂದಲ ಶುರುವಾಯಿತು. ತೊಟ್ಟು ತೆಗೆದರೆ ಪರ್ಕಿನ್ಸ್ ಬಳಸಿದ ಸಿಗಡಿ ಕಡುಬಣ್ಣಕ್ಕೆ ತಿರುಗುತ್ತದೆ, ಕಡಲ ದಡದ ಫಿಡ್ಲರ್ ಏಡಿಯೋ ಬಿಳಿಚಿಕೊಳ್ಳುತ್ತದೆ. ಒಂದೇ ಹಾರ್ಮೋನಾದರೆ ಹೀಗಾಗುವುದು ಹೇಗೆ? ಗುಡ್ಡೆ ಹಾಕುವುದೊಂದು, ಹರಡುವುದೊಂದು, ಎರಡೂ ಇವೆ ಎಂದು ನಿಧಾನವಾಗಿ ಗೊತ್ತಾಯಿತು. 1972ರಲ್ಲಿ ಸ್ವೀಡನ್ನಿನ ಫರ್ನ್‌ಲುಂಡ್ ಮತ್ತು ಯೋಸೆಫ್ಸನ್ ತಣ್ಣೀರ ಸಿಗಡಿಯಿಂದ ಕೆಂಪು ಗುಡ್ಡೆ ಹಾಕುವ ಹಾರ್ಮೋನನ್ನು ಬೇರ್ಪಡಿಸಿ, ಅದರ ರಚನೆ ಓದಿದರು. ಬರೀ 8 ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್. ಬೆನ್ನುಮೂಳೆಯಿಲ್ಲದ ಪ್ರಾಣಿಗಳ ನರ ಹಾರ್ಮೋನುಗಳಲ್ಲಿ ಪೂರ್ತಿ ಓದಿದ ಮೊದಲನೆಯದು ಇದೇ. ಹರಡುವ ಕಡೆಯದು 18 ಅಮೈನೋ ಆಮ್ಲಗಳದ್ದು. ಫಿಡ್ಲರ್ ಏಡಿಯಲ್ಲಿ ಅದರ ರಚನೆಯನ್ನು ಕೆ. ರಂಗ ರಾವ್ ಮತ್ತು ಜೊತೆಯವರು 1985ರಲ್ಲಿ ಪ್ರಕಟಿಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಮಿಡತೆ ದೂರ ಹಾರುವಾಗ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುವ ಹಾರ್ಮೋನಿನ ರಚನೆ 1976ರಲ್ಲಿ ಗೊತ್ತಾಯಿತು. ಅದು ಸಿಗಡಿಯ ಹಾರ್ಮೋನಿನ ಹತ್ತಿರದ ನೆಂಟ, ಸಿಗಡಿಗೆ ಚುಚ್ಚಿದರೆ ಕೆಂಪನ್ನೂ ಗುಡ್ಡೆ ಹಾಕುತ್ತದೆ. ಇನ್ನು ಬಾಳೆಗೊನೆ ಹಣ್ಣಾದಾಗ ಮುತ್ತುವ ಪುಟ್ಟ ನೊಣಗಳಿವೆಯಲ್ಲ, ಅವುಗಳ ಮಿದುಳಿನಲ್ಲಿ ಹಗಲು ರಾತ್ರಿಯ ಹೊತ್ತು ಹಿಡಿಯುವ ಗಡಿಯಾರದ ಕೋಶಗಳಲ್ಲಿ ಹರಡುವ ಹಾರ್ಮೋನಿನ ನೆಂಟ ಕೆಲಸ ಮಾಡುತ್ತದೆ. ಅದಿಲ್ಲದ ನೊಣಗಳನ್ನು ಸದಾ ಕತ್ತಲಲ್ಲಿಟ್ಟರೆ, ಹೆಚ್ಚಿನವು ಕೆಲವೇ ದಿನಗಳಲ್ಲಿ ಹೊತ್ತು ತಪ್ಪುತ್ತವೆ.